ಕಪ್ಪು ಕರಡಿಯ ಬೇಟೆಗೆ ಒಂದೇ ಈಡಿನ ಗಿಡ್ಡ ರೈಫಲ್: ಯಾವುದನ್ನು ಆರಿಸಲಿ?

ಹಾಸನದವನು:

ನಾನು ಹದಿನಾಲ್ಕು ವರ್ಷಗಳಿಂದ ಅಮೆರಿಕದ ಮೇಯ್ನ್ ರಾಜ್ಯದಲ್ಲಿದ್ದೇನೆ. ಗ್ರೀನ್ ಕಾರ್ಡ್ ಇದೆ. ಆರು ವರ್ಷಗಳಿಂದ ಪರವಾನಗಿ ಪಡೆದು ಜಿಂಕೆ ಬೇಟೆಯಾಡುತ್ತಿದ್ದೇನೆ. ಆಗಸ್ಟ್ ತಿಂಗಳ ಕೊನೆಯ ಸೋಮವಾರ ಆರಂಭವಾಗುವ ಕರಡಿ ಋತುವಿನಲ್ಲಿ, ಅರೂಸ್ಟುಕ್ ಕೌಂಟಿಯ ಕಾಡಿನಲ್ಲಿ, ನೋಂದಾಯಿತ ಗೈಡ್ ಒಬ್ಬರು ಎರೆ ಇಡುವ ಜಾಗದಲ್ಲಿ ಮರಸು ಕೂರಲು ಈ ಬಾರಿ ಒಪ್ಪಂದ ಮಾಡಿಕೊಂಡಿದ್ದೇನೆ. ನಮ್ಮೂರಿನ ಕರಡಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿದ್ದು ಅದರ ಬೇಟೆ ಅಪರಾಧವಾಗಿರುವುದರಿಂದ, ನನ್ನ ಪ್ರಶ್ನೆ ಇಲ್ಲಿಯ ಕಪ್ಪು ಕರಡಿಗೆ ಮಾತ್ರ ಸಂಬಂಧಿಸಿದ್ದು.

ಕಳೆದ ತಿಂಗಳು ಗೈಡ್ ಜಾಗ ತೋರಿಸಿದರು. ಏಣಿಯ ಅಟ್ಟಣಿಗೆಯಿಂದ ಎರೆಯ ಪೀಪಾಯಿಗೆ ಅಳೆದು ಇಪ್ಪತ್ತೆರಡು ಗಜ. ನನ್ನ .30-06 ಕಾಡತೂಸಿನ, ಪ್ರತಿ ಈಡಿಗೂ ಅಗುಳಿಯನ್ನು ಹಿಂದೆಮುಂದೆ ಎಳೆಯಬೇಕಾದ ಬೋಲ್ಟ್ ರೈಫಲ್‌ನ ನಳಿಗೆ 24 ಇಂಚಿನದು. ಕೂತಲ್ಲೇ ತಿರುಗಿದಾಗಲೆಲ್ಲ ಅದರ ತುದಿ ಬಲಗಡೆಯ ಫರ್ ಮರದ ಕೊಂಬೆಗೆ ತಾಗಿ ಸರಸರ ಸದ್ದು ಮಾಡಿತು. ನಾನು ಎಡಗೈಯವನು, ಎತ್ತರ ಐದು ಅಡಿ ನಾಲ್ಕು ಇಂಚು. ಹೀಗಾಗಿ ಒಂದೇ ಈಡಿನ ಗಿಡ್ಡ ರೈಫಲ್ ಕೊಳ್ಳುವ ಯೋಚನೆಯಲ್ಲಿದ್ದೇನೆ. ನಳಿಗೆಯನ್ನು ಕೆಳಕ್ಕೆ ಮಡಚಿ ಕಾಡತೂಸು ತುಂಬುವ ರೈಫಲ್ (ಮಡಚುವ ರೈಫಲ್) ಒಳ್ಳೆಯದೋ, ಸನ್ನೆ ಎಳೆದಾಗ ನಳಿಗೆಯ ಹಿಂದಿನ ಉಕ್ಕಿನ ತುಂಡು ಕೆಳಗಿಳಿಯುವ, ರೂಗರ್ ನಂಬರ್ 1ರಂತಹ ಫಾಲಿಂಗ್ ಬ್ಲಾಕ್ ಒಳ್ಳೆಯದೋ? ಕಾಡತೂಸು .44 ಮ್ಯಾಗ್ನಮ್ ಸಾಕೇ, .45-70 ಬೇಕೇ? ಮೊದಲ ಈಡು ಸರಿಯಾಗಿ ಬೀಳದಿದ್ದರೆ ಎರಡನೆಯದಕ್ಕೆ ಸಮಯ ಸಿಗುತ್ತದೆಯೇ ಎಂಬುದೇ ನನ್ನನ್ನು ಹೆಚ್ಚು ಕಾಡುತ್ತಿರುವ ಪ್ರಶ್ನೆ.

ಉತ್ತರದ ಕಾಡು:

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ. ಗುಂಡು ತಗುಲಿದ ಕರಡಿ ಆ ದಟ್ಟ ಕಾಡಿನಲ್ಲಿ ಎರಡು ಮೂರು ನೆಗೆತಗಳಲ್ಲಿ ಕಣ್ಮರೆಯಾಗುತ್ತದೆ. ನಿಮ್ಮ ಕೈಯಲ್ಲಿ ಬೋಲ್ಟ್ ರೈಫಲ್ ಇದ್ದರೂ ಎರಡನೆಯ ಈಡಿಗೆ ಅವಕಾಶ ಸಿಗುವುದು ಅಪರೂಪ. ಆದ್ದರಿಂದ ಒಂದೇ ಈಡು ಎಂಬುದು ನೀವು ಭಯಪಡುವಷ್ಟು ದೊಡ್ಡ ಕೊರತೆಯಲ್ಲ. ಕರಡಿ ಪೂರ್ತಿ ಪಕ್ಕೆ ತೋರಿಸುವವರೆಗೆ, ಇಲ್ಲವೇ ಸ್ವಲ್ಪ ಆಚೆಗೆ ತಿರುಗಿ ನಿಲ್ಲುವವರೆಗೆ ಕಾಯುವ ತಾಳ್ಮೆ ಇರಬೇಕು, ಅಷ್ಟೇ. ಎದುರಿನಿಂದ ನಡೆದು ಬರುತ್ತಿರುವ ಕರಡಿಗೆ ಹೊಡೆಯಬೇಡಿ, ತಲೆಗಂತೂ ಹೊಡೆಯಲೇಬೇಡಿ.

ಗುಂಡು ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬರಬೇಕು ಎಂಬುದು ಕರಡಿಯ ವಿಷಯದಲ್ಲಿ ಜಿಂಕೆಗಿಂತ ಮುಖ್ಯ. ಶರತ್ಕಾಲದ ಕರಡಿಯ ಚರ್ಮದಡಿಯ ಕೊಬ್ಬು ಗಾಯದ ಬಾಯನ್ನು ಮುಚ್ಚಿಬಿಡುತ್ತದೆ, ಒತ್ತಾದ ಕೂದಲು ರಕ್ತವನ್ನು ಹೀರಿಕೊಳ್ಳುತ್ತದೆ. ಅಟ್ಟಣಿಗೆಯಿಂದ ಕೆಳಮುಖವಾಗಿ ಹೊಡೆದ ಗುಂಡು ಒಳಗೇ ನಿಂತರೆ ನೆಲದ ಮೇಲೆ ಹನಿಯೂ ಬೀಳದೆ ಹೋಗಬಹುದು, ಆಮೇಲೆ ಟಾರ್ಚ್ ಹಿಡಿದು ಪಾಚಿಯ ಮೇಲೆ ಮಂಡಿಯೂರಿ ಹುಡುಕುವ ಕಷ್ಟ ನನಗೆ ಗೊತ್ತು. ನಾನು .45-70 ಕಡೆಗೆ ವಾಲುವುದು ಇದೇ ಕಾರಣಕ್ಕೆ. ಅಮೆರಿಕದ ಸೇನೆ 1873ರಲ್ಲಿ ಬಳಕೆಗೆ ತಂದ ಈ ಕಾಡತೂಸು ಹಳೆಯದಾದರೂ, ಅದರ 405 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು ಸೆಕೆಂಡಿಗೆ ಸುಮಾರು 1,330 ಅಡಿಯ ನಿಧಾನ ವೇಗದಲ್ಲಿ ಹೊರಟರೂ ಇಪ್ಪತ್ತೆರಡು ಗಜದಲ್ಲಿ ಕಪ್ಪು ಕರಡಿಯ ಎರಡೂ ಪಕ್ಕೆಗಳನ್ನು ದಾಟಬಲ್ಲದು.

ಆದರೆ ಇಲ್ಲಿ ಒಂದು ಎಚ್ಚರ ಬೇಕು. ಅಂಗಡಿಯಲ್ಲಿ .45-70 ಎಂದು ಕೇಳಿದರೆ ಮೃದುವಾದ ಹಳೆಯ ಬಗೆಯದೂ ಸಿಗುತ್ತದೆ, ಗಟ್ಟಿಮುಟ್ಟಾದ ಹೊಸ ಬಂದೂಕುಗಳಿಗೆಂದೇ ಮಾಡಿದ, ಹೆಚ್ಚು ಒತ್ತಡದ ಬಗೆಯದೂ ಸಿಗುತ್ತದೆ. ಏಳು ಪೌಂಡಿನ ರೈಫಲ್‌ನಲ್ಲಿ ಮೃದುವಾದದ್ದು ಹೆಚ್ಚುಕಡಿಮೆ ನಿಮ್ಮ .30-06ರಷ್ಟೇ ಒದೆಯುತ್ತದೆ. ಇನ್ನೊಂದನ್ನು ಆರು ಪೌಂಡಿಗೂ ಕಡಿಮೆ ತೂಕದ ಮಡಚುವ ರೈಫಲ್‌ನಲ್ಲಿ ಹೊಡೆದರೆ ಮೂರನೆಯ ಈಡಿಗೆ ನೀವು ಕಣ್ಣು ಮುಚ್ಚಲು ಆರಂಭಿಸುತ್ತೀರಿ, ಆ ಅಭ್ಯಾಸ ಒಮ್ಮೆ ಅಂಟಿದರೆ ಬಿಡಿಸುವುದು ಕಷ್ಟ. ಗಿಡ್ಡ ಬಂದೂಕು ಬೇಕೆಂದರೆ ಹಗುರ ಬಂದೂಕು ಬೇಕೆಂದಲ್ಲ.

ಉದ್ದದ ಮಟ್ಟಿಗೆ ನಿಮ್ಮ ಲೆಕ್ಕ ಸರಿಯಾಗಿದೆ. ಬೋಲ್ಟ್ ಹಿಂದೆಮುಂದೆ ಸರಿಯಲು ಬೇಕಾದ ಜಾಗ ಒಂದೇ ಈಡಿನ ರೈಫಲ್‌ನಲ್ಲಿ ಇಲ್ಲದ್ದರಿಂದ, ಅಷ್ಟೇ ಉದ್ದದ ನಳಿಗೆಯಿದ್ದರೂ ಒಟ್ಟು ಉದ್ದದಲ್ಲಿ ಸುಮಾರು ನಾಲ್ಕು ಇಂಚು ಉಳಿಯುತ್ತದೆ. 22 ಇಂಚಿನ ನಳಿಗೆ ನಿಮಗೆ ಸಾಕು. ಭುಜಕ್ಕೆ ಒತ್ತಿಡುವ ಕುಂದ ನಿಮ್ಮ ತೋಳಿಗೆ ಉದ್ದವಾದರೆ ನಳಿಗೆಯನ್ನಲ್ಲ, ಕುಂದವನ್ನು ಅರ್ಧ ಇಂಚು ಕೊಯ್ಯಿಸಿ.

ಫಾಲಿಂಗ್ ಬ್ಲಾಕ್ ಸುಂದರವಾದ ಯಂತ್ರ. 1967ರಲ್ಲಿ ಬಂದ ರೂಗರ್ ನಂಬರ್ 1 ಹೆಚ್ಚು ಒತ್ತಡದ ಬಗೆಯ .45-70ಯನ್ನೂ ತಡೆಯುವಷ್ಟು ಬಲವಾದದ್ದು, ಅದರ ಸೇಫ್ಟಿ ಹೆಬ್ಬೆರಳಿನಡಿಯಲ್ಲೇ ಇರುವುದರಿಂದ ಎಡಗೈಗೂ ಸಲೀಸು. ಆದರೆ ಬೆಲೆ ಹೆಚ್ಚು, ನಿಮಗೆ ಬೇಕಾದ ಕಾಡತೂಸಿನಲ್ಲಿ ಹುಡುಕಬೇಕಾಗುತ್ತದೆ. ಹೆನ್ರಿ ಅಥವಾ ಸಿವಿಎ ಕಂಪನಿಯ ಮಡಚುವ ರೈಫಲ್ ನಿಮ್ಮ ಕೆಲಸಕ್ಕೆ ಸಾಕು.

ಕುಶಾಲನಗರ:

ಮೇಲಿನ ಮಾತುಗಳಲ್ಲಿ ಹೆಚ್ಚಿನದನ್ನು ಒಪ್ಪುತ್ತೇನೆ, ಕಾಡತೂಸಿನ ಆಯ್ಕೆಯನ್ನು ಮಾತ್ರ ಒಪ್ಪಲಾರೆ. ಇಪ್ಪತ್ತೆರಡು ಗಜಕ್ಕೆ .44 ಮ್ಯಾಗ್ನಮ್ ಧಾರಾಳವಾಗಿ ಸಾಕು. ಮೂಲತಃ ರಿವಾಲ್ವರ್‌ಗೆಂದು ಬಂದ ಕಾಡತೂಸಾದರೂ ರೈಫಲ್‌ನ ಉದ್ದ ನಳಿಗೆಯಲ್ಲಿ ಅದರ 240 ಗ್ರೇನ್ ಗುಂಡು ಸೆಕೆಂಡಿಗೆ 1,700 ಅಡಿಗೂ ಹೆಚ್ಚಿನ ವೇಗ ಪಡೆಯುತ್ತದೆ. ಒದೆತವೂ ಬಹಳ ಕಡಿಮೆ, ಒಂದು ಮಧ್ಯಾಹ್ನದಲ್ಲಿ ನಲವತ್ತು ಈಡು ಅಭ್ಯಾಸ ಮಾಡಬಹುದು. ಬೇಗ ಅಗಲವಾಗುವ ಟೊಳ್ಳು ಮೂತಿಯ ಗುಂಡನ್ನು ಬಿಟ್ಟು, ಆಳಕ್ಕೆ ಇಳಿಯುವ ಗಟ್ಟಿ ಗುಂಡನ್ನು ಆರಿಸಿ. ಅಲಾಸ್ಕಾದ ಕಂದು ಕರಡಿಗಾಗಿದ್ದರೆ ನಾನು ಈ ಮಾತು ಹೇಳುತ್ತಿರಲಿಲ್ಲ.

ಮಡಚುವ ರೈಫಲ್‌ಗಳಲ್ಲಿ ಹ್ಯಾಮರ್, ಅಂದರೆ ನಮ್ಮ ಕಡೆ ಕುದುರೆ ಎನ್ನುವುದು, ಹೊರಗೇ ಇರುತ್ತದೆ ಎಂಬುದನ್ನು ಯಾರೂ ಹೇಳಲಿಲ್ಲ. ಮೇಲೆ ದುರ್ಬೀನು ಕೂರಿಸಿದ ಮೇಲೆ ಹೆಬ್ಬೆರಳಿಗೆ ಕುದುರೆ ಸಿಗುವುದಿಲ್ಲ, ಪಕ್ಕಕ್ಕೆ ಚಾಚುವ ಒಂದು ಚಿಕ್ಕ ಕಡ್ಡಿಯನ್ನು ಜೋಡಿಸಬೇಕು. ಎಡಗೈಯವರು ಅದನ್ನು ಎಡಗಡೆಗೇ ಹಾಕಿಸಿಕೊಳ್ಳಬೇಕು. ಕುದುರೆ ಏರಿಸುವಾಗ ಆಗುವ ‘ಟಿಕ್’ ಸದ್ದು ಸಂಜೆಯ ಮೌನದಲ್ಲಿ ಕರಡಿಯ ತಲೆ ಎತ್ತಿಸಲು ಸಾಕು. ಟ್ರಿಗರನ್ನು ಒತ್ತಿ ಹಿಡಿದು ಕುದುರೆಯನ್ನು ನಿಧಾನವಾಗಿ ಹಿಂದೆಳೆದು, ಆಮೇಲೆ ಟ್ರಿಗರ್ ಬಿಟ್ಟರೆ ಸದ್ದಾಗುವುದಿಲ್ಲ ಎಂದು ಕೆಲವರು ಹೇಳಿಕೊಡುತ್ತಾರೆ. ನಡುಗುವ ಕೈಯಲ್ಲಿ, ಕಾಡತೂಸು ತುಂಬಿದ ಬಂದೂಕಿನಲ್ಲಿ ಅದನ್ನು ಖಂಡಿತ ಮಾಡಬೇಡಿ. ಕರಡಿ ಪೀಪಾಯಿಗೆ ತಲೆ ಹಾಕಿದ ಕ್ಷಣದಲ್ಲಿ ಏರಿಸಿ. ಹೊಡೆಯದೆ ಉಳಿದರೆ, ನಳಿಗೆಯನ್ನು ನೆಲದ ಕಡೆ ಹಿಡಿದು, ಕುದುರೆಯನ್ನು ಎರಡೂ ಕೈಗಳ ಹತೋಟಿಯಲ್ಲಿ ಇಳಿಸಿ.

ಕಾನೂನಿನ ಪ್ರಕಾರ ಸೂರ್ಯಾಸ್ತದ ನಂತರ ಅರ್ಧ ಗಂಟೆಯವರೆಗೆ ಬೇಟೆಯಾಡಬಹುದು. ಕರಡಿ ಬರುವುದು ಬಹುಪಾಲು ಆ ಹೊತ್ತಿಗೇ. ಕರಡಿಯ ಕಪ್ಪು ಮೈಯ ಮೇಲೆ ದುರ್ಬೀನಿನೊಳಗಿನ ಗುರಿಯ ಕಪ್ಪು ಗೆರೆ ಕಾಣುವುದಿಲ್ಲವಾದ್ದರಿಂದ, ಬೆಳಕಿನ ಚುಕ್ಕೆಯಿರುವ, ಒಂದರಿಂದ ನಾಲ್ಕು ಪಟ್ಟು ಹಿಗ್ಗಿಸುವ ದುರ್ಬೀನು ಹಾಕಿಸಿ.

ಹಾಸನದವನು:

ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ಸ್ನೇಹಿತರೊಬ್ಬರ ಎರಡೂ ರೈಫಲ್‌ಗಳನ್ನು ಗುರಿ ಅಭ್ಯಾಸದ ಮೈದಾನದಲ್ಲಿ ಹೊಡೆದು ನೋಡಿದೆ. ಮೃದುವಾದ .45-70ರಲ್ಲಿ ಐದು ಈಡುಗಳು ಅಂಗೈಯಗಲದೊಳಗೆ ಬಿದ್ದವು, .44ರಲ್ಲಿ ಹತ್ತೂ ಒಂದು ನಿಂಬೆಹಣ್ಣಿನಷ್ಟು ಜಾಗದೊಳಗೆ ಬಿದ್ದವು. ಹಾಗಾಗಿ .44 ಮಡಚುವ ರೈಫಲ್ ಕೊಳ್ಳಲು ನಿರ್ಧರಿಸಿದ್ದೇನೆ. ಇನ್ನೊಂದು ವಿಷಯ: ಎಚ್-1ಬಿ ವೀಸಾದಲ್ಲಿರುವ ನನ್ನ ಅಕ್ಕನ ಮಗ ಜೊತೆಗೆ ಬರುತ್ತೇನೆ ಎನ್ನುತ್ತಿದ್ದಾನೆ. ಮೈದಾನದಲ್ಲಿ ಅವನ ಕೈಗೂ ರೈಫಲ್ ಕೊಡಬಹುದೇ?

ಉತ್ತರದ ಕಾಡು:

ಈಗಲೇ ಕೊಡಬೇಡಿ. ವಲಸೆಯೇತರ ವೀಸಾದ ಮೇಲೆ ಬಂದವರು ಬಂದೂಕನ್ನಾಗಲಿ ಕಾಡತೂಸನ್ನಾಗಲಿ ಕೊಳ್ಳುವುದನ್ನಷ್ಟೇ ಅಲ್ಲ, ಹೊಂದಿರುವುದನ್ನೂ ಒಕ್ಕೂಟದ ಕಾನೂನು ನಿಷೇಧಿಸುತ್ತದೆ. ಅದಕ್ಕಿರುವ ವಿನಾಯಿತಿಗಳಲ್ಲಿ ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆಯ ಪರವಾನಗಿಯೂ ಒಂದು. ಅವನು ಮೊದಲು ಬೇಟೆಗಾರರ ಸುರಕ್ಷತಾ ತರಬೇತಿ ಮುಗಿಸಿ ಪರವಾನಗಿ ಪಡೆಯಲಿ, ಮೈದಾನಕ್ಕೆ ಹೋಗುವಾಗ ಅದು ಜೇಬಿನಲ್ಲಿರಲಿ. ವೀಸಾದ ಪ್ರಶ್ನೆಯಾದ್ದರಿಂದ ಅವನ ವಲಸೆ ವಕೀಲರನ್ನೂ ಒಂದು ಮಾತು ಕೇಳಿಬಿಡಿ. ಅಲ್ಲಿಯವರೆಗೆ ದುರ್ಬೀನಿನಲ್ಲಿ ನಿಮ್ಮ ಈಡು ಎಲ್ಲಿ ಬಿತ್ತೆಂದು ನೋಡಿ ಹೇಳುವ ಕೆಲಸ ಅವನದಾಗಲಿ.