ಕಾಲಿನ ತೊಂದರೆಗೆ ಕತ್ತಿನ ಎಂ.ಆರ್.ಐ. ಏಕೆ? ಮಾಡಿಸಿದವರು ದಯವಿಟ್ಟು ಅನುಭವ ಹೇಳಿ

ಕೇಳಿದವರು: ಶ್ರೀನಿವಾಸಪುರ ತಾಲ್ಲೂಕಿನಿಂದ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಅರವತ್ತೆರಡು. ಈಗ ಮಾವಿನ ತೋಟ ನೋಡಿಕೊಳ್ಳುತ್ತಾರೆ, ಅದಕ್ಕೂ ಮೊದಲು ಹತ್ತು ವರ್ಷ ವೆಲ್ಡಿಂಗ್ ಅಂಗಡಿಯಲ್ಲಿದ್ದವರು. ನಾಲ್ಕು ತಿಂಗಳಿಂದ ಎರಡೂ ಕಾಲು ಬಿಗಿಯುತ್ತಿವೆ. ನೋವಿಲ್ಲ ಎನ್ನುತ್ತಾರೆ, ಆದರೆ ನಡೆಯುವಾಗ ಕೊರಡು ಎಳೆದಂತೆ ಎಳೆಯುತ್ತಾರೆ. ಹೋದ ವಾರ ತೋಟದಿಂದ ಬರುವಾಗ ಒಂದು ಚಪ್ಪಲಿ ದಾರಿಯಲ್ಲೇ ಕಳಚಿ ಬಿದ್ದಿತ್ತು. ಬಚ್ಚಲಿನಲ್ಲಿ ಕಾಲು ತೊಳೆಯುವ ತನಕ ಅವರಿಗೆ ಗೊತ್ತೇ ಆಗಿಲ್ಲ. ಅಂಗಿಯ ಗುಂಡಿ ಹಾಕಲು ಈಗ ಅಮ್ಮನೇ ಬೇಕು.

ಕೋಲಾರದ ವೈದ್ಯರು ಕತ್ತೂ ಸೇರಿದಂತೆ ಇಡೀ ಬೆನ್ನುಮೂಳೆಯ ಎಂ.ಆರ್.ಐ. ಬರೆದುಕೊಟ್ಟಿದ್ದಾರೆ. ಚಿಕ್ಕಪ್ಪ ಮಾತ್ರ, ‘ಕಾಲು ನೆಟ್ಟಗಿಲ್ಲದವನಿಗೆ ಕತ್ತಿನ ಫೋಟೊ ಏಕೆ? ಸೊಂಟದ ನರ ಒತ್ತಿದ ಸಯಾಟಿಕಾ ಇರಬೇಕು, ಸೊಂಟದ್ದು ಮಾಡಿಸಿ ಸಾಕು, ಇಲ್ಲವೇ ಎಣ್ಣೆ ನೀವಿಸೋಣ’ ಎನ್ನುತ್ತಿದ್ದಾರೆ. ಅಪ್ಪನಿಗೆ ಆ ಸುರಂಗದೊಳಗೆ ಮಲಗಲು ಭಯ. ಕೋಲಾರದಲ್ಲೇ ಮಾಡಿಸಬಹುದೇ, ಬೆಂಗಳೂರಿಗೇ ಹೋಗಬೇಕೇ? ವಿಕಿರಣದಿಂದ ಏನಾದರೂ ಆಗುತ್ತದೆಯೇ? ತಿಳಿದವರು ಹೇಳಿ.

ಮುಳಬಾಗಿಲು, ನಿವೃತ್ತ ಶಿಕ್ಷಕ

ನಿಮ್ಮ ಚಿಕ್ಕಪ್ಪ ಹೇಳಿದ್ದನ್ನೇ ಎರಡು ವರ್ಷದ ಹಿಂದೆ ನನಗೆ ನಾನೇ ಹೇಳಿಕೊಂಡಿದ್ದೆ. ಕಾಲು ಬಿಗಿ, ಮೆಟ್ಟಿಲು ಇಳಿಯುವಾಗ ಹೆದರಿಕೆ. ಒಂದು ಕಡೆ ಸೊಂಟದ ಎಂ.ಆರ್.ಐ. ಮಾಡಿದರು. ನಾಲ್ಕನೆಯ ಮತ್ತು ಐದನೆಯ ಸೊಂಟದ ಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಉಬ್ಬಿದೆ ಎಂದು ವರದಿ ಬಂತು. ಕಾರಣ ಸಿಕ್ಕಿತಲ್ಲ ಎಂದು ನಾನೂ ಸಮಾಧಾನಪಟ್ಟೆ. ಸೊಂಟಕ್ಕೆ ಬೆಲ್ಟು, ವ್ಯಾಯಾಮ, ಮಾತ್ರೆ. ಹೀಗೆ ಐದು ತಿಂಗಳು ಹೋಯಿತು. ಅಷ್ಟರಲ್ಲಿ ಕಪ್ಪುಹಲಗೆಯ ಮೇಲೆ ಮೂವತ್ತು ವರ್ಷ ಗುಂಡಗೆ ಬರೆದ ಕೈ ಬ್ಯಾಂಕಿನ ಚೀಟಿಗೆ ಸಹಿ ಹಾಕಲಾರದಾಯಿತು.

ಕೊನೆಗೆ ಬೆಂಗಳೂರಿನ ನರರೋಗ ತಜ್ಞರೊಬ್ಬರು ನನ್ನ ಫಿಲ್ಮನ್ನು ಮೇಜಿನ ಮೇಲಿಟ್ಟು, ಮೊದಲು ಸುತ್ತಿಗೆ ತೆಗೆದುಕೊಂಡರು. ಮಂಡಿಗೆ ಮೆಲ್ಲಗೆ ತಟ್ಟಿದರೆ ಕಾಲು ಒದ್ದಂತೆ ಚಿಮ್ಮಿತು. ಅಂಗಾಲಿನಲ್ಲಿ ಹಿಮ್ಮಡಿಯಿಂದ ಮೇಲಕ್ಕೆ ಕೀಲಿಕೈಯಿಂದ ಗೀರಿದರು, ಹೆಬ್ಬೆರಳು ಕೆಳಕ್ಕೆ ಮಡಚುವ ಬದಲು ಮೇಲಕ್ಕೆದ್ದಿತು. ‘ಮೇಷ್ಟ್ರೇ, ಬೆನ್ನುಹುರಿ ಮುಗಿಯುವುದೇ ಸೊಂಟದ ಮೊದಲ ಅಥವಾ ಎರಡನೆಯ ಮೂಳೆಯ ಹತ್ತಿರ. ಅದರ ಕೆಳಗೆ ಇರುವುದು ನರದ ಎಳೆಗಳು. ಅಲ್ಲಿ ಕೆಟ್ಟರೆ ಕಾಲು ಸಡಿಲವಾಗುತ್ತದೆ, ಹೀಗೆ ಬಿಗಿಯುವುದಿಲ್ಲ. ಕೈಯೂ ಸೋಲುತ್ತಿದೆ ಎಂದರೆ ಕತ್ತನ್ನೇ ನೋಡಬೇಕು’ ಎಂದರು. ಕತ್ತಿನ ಚಿತ್ರದಲ್ಲಿ ಎರಡು ಕಡೆ ಹುರಿ ಹಿಂಡಿದಂತೆ ಚಪ್ಪಟೆಯಾಗಿತ್ತು, ಅದರೊಳಗೆ ಬಿಳಿಯ ಮಚ್ಚೆ. ಶಸ್ತ್ರಚಿಕಿತ್ಸೆ ಆಯಿತು. ನಡಿಗೆ ಸುಧಾರಿಸಿತು, ಬೆರಳುಗಳ ಜೋಮು ಉಳಿದೇ ಹೋಯಿತು. ತಡವಾಗಿದ್ದಕ್ಕೆ ತೆತ್ತ ಸುಂಕ ಅದು.

ಸೊಂಟದ ಡಿಸ್ಕ್ ಉಬ್ಬಿದ್ದು ಸುಳ್ಳಲ್ಲ. ಆದರೆ ಅದಕ್ಕೂ ನನ್ನ ಕಾಯಿಲೆಗೂ ಸಂಬಂಧವಿರಲಿಲ್ಲ. ಅಮೆರಿಕದಲ್ಲಿ 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೆನ್ನುನೋವೇ ಇಲ್ಲದ 98 ಜನರ ಎಂ.ಆರ್.ಐ. ತೆಗೆದು ನೋಡಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಒಂದಲ್ಲ ಒಂದು ಕಡೆ ಡಿಸ್ಕ್ ಉಬ್ಬಿತ್ತು. ವಯಸ್ಸಾದವರ ಬೆನ್ನಿನಲ್ಲಿ ಹುಡುಕಿದರೆ ಏನಾದರೊಂದು ಸಿಕ್ಕೇ ಸಿಗುತ್ತದೆ. ನಿಮ್ಮ ವೈದ್ಯರು ಕೈಯನ್ನೂ ಕಾಲನ್ನೂ ಸೇರಿಸಿ ಯೋಚಿಸಿ ಕತ್ತು ಎಂದು ಬರೆದಿದ್ದಾರೆ. ಅದನ್ನು ಬದಲಿಸಬೇಡಿ. ಚಿತ್ರ ಬರುವ ತನಕ ಕತ್ತು ತಿರುವಿ ನೆಟಿಗೆ ತೆಗೆಯುವವರ, ನೀವುವವರ ಕೈಗೆ ಅಪ್ಪನನ್ನು ಕೊಡಲೇಬೇಡಿ.

ಕೋಲಾರ, ಸ್ಕ್ಯಾನಿಂಗ್ ಕೇಂದ್ರದ ಟೆಕ್ನಿಷಿಯನ್

ಮೇಷ್ಟ್ರು ಹೇಳಿದ ಮೇಲೆ ಒಳಗಿನ ವಿಷಯ ನಾನು ಹೇಳುತ್ತೇನೆ. ವರದಿ ಓದಿ ಹೇಳಿ ಎಂದು ಮಾತ್ರ ಯಾರೂ ಕೇಳಬೇಡಿ, ಅದು ರೇಡಿಯಾಲಜಿಸ್ಟರ ಕೆಲಸ.

ಇದರಲ್ಲಿ ಎಕ್ಸ್‌ರೇ ಇಲ್ಲ. ಬಲವಾದ ಅಯಸ್ಕಾಂತದೊಳಗೆ ಮಲಗಿಸಿ ರೇಡಿಯೊ ತರಂಗ ಹಾಯಿಸುತ್ತೇವೆ. ದೇಹದ ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್ ಮರಳಿ ಕೊಡುವ ಸಂಕೇತವೇ ಚಿತ್ರವಾಗುತ್ತದೆ. ಮಿದುಳು, ಬೆನ್ನುಹುರಿಯಂಥ ಮೆದು ಭಾಗ ಇದರಲ್ಲಿ ಚೆನ್ನಾಗಿ ಕಾಣುವುದು ಅದಕ್ಕೇ. ಊತ ಬಂದ ಕಡೆ ನೀರು ಹೆಚ್ಚಿರುತ್ತದೆ, ಒಂದು ಬಗೆಯ ಚಿತ್ರದಲ್ಲಿ ಆ ಜಾಗ ಬೆಳ್ಳಗೆ ಹೊಳೆಯುತ್ತದೆ. ಮೇಷ್ಟ್ರು ಹೇಳಿದ ಬಿಳಿಯ ಮಚ್ಚೆ ಅಂಥದ್ದೇ.

ಮುಖ್ಯವಾದ ಮಾತು: ಅಪ್ಪ ವೆಲ್ಡಿಂಗ್ ಮಾಡಿದವರು ಎಂದಿರಿ. ಅದನ್ನು ಫಾರಂ ತುಂಬುವಾಗ ತಪ್ಪದೆ ಹೇಳಿ. ಕಣ್ಣಿನೊಳಗೆ ಕಬ್ಬಿಣದ ಸಣ್ಣ ಚೂರು ಹೊಕ್ಕು ವರ್ಷಗಟ್ಟಲೆ ಸುಮ್ಮನಿದ್ದಿರಬಹುದು. ಅಯಸ್ಕಾಂತದ ಹತ್ತಿರ ಅದು ಅಲುಗಾಡಿದರೆ ದೃಷ್ಟಿಗೇ ಅಪಾಯ. ಅನುಮಾನವಿದ್ದರೆ ಮೊದಲು ಕಣ್ಣಿನ ಭಾಗದ ಎಕ್ಸ್‌ರೇ ತೆಗೆದು ನೋಡುತ್ತೇವೆ. ಪೇಸ್‌ಮೇಕರ್, ಮಿದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್ಪು, ಕಿವಿಯ ಯಂತ್ರ ಇದ್ದರೂ ಮುಚ್ಚಿಡಬೇಡಿ. ನಮ್ಮ ಯಂತ್ರ 1.5 ಟೆಸ್ಲಾ, ಅಂದರೆ ಭೂಮಿಯ ಕಾಂತಶಕ್ತಿಯ ಸುಮಾರು ಮೂವತ್ತು ಸಾವಿರ ಪಟ್ಟು. ರಾತ್ರಿ ಬಾಗಿಲು ಹಾಕಿಕೊಂಡು ಹೋದರೂ ಆ ಅಯಸ್ಕಾಂತ ಆರುವುದಿಲ್ಲ. 2018ರ ಜನವರಿಯಲ್ಲಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಸಿಲಿಂಡರ್ ಹಿಡಿದು ಒಳಗೆ ಹೋದ ರೋಗಿಯ ಬಂಧುವನ್ನು ಯಂತ್ರ ಸೆಳೆದುಕೊಂಡು ಅವರ ಪ್ರಾಣವೇ ಹೋಯಿತು. ಬಾಗಿಲಲ್ಲಿ ನಾವು ಗದರಿದರೆ ಬೇಸರಪಡಬೇಡಿ.

ನಮ್ಮ ಕಡೆಯ ಗಂಡಸರು ಎಲ್ಲವನ್ನೂ ಬಿಚ್ಚಿಟ್ಟು ಉಡುದಾರ ಮರೆಯುತ್ತಾರೆ. ಬೆಳ್ಳಿಯದಾದರೂ ಕೊಂಡಿಯಲ್ಲಿ ಕಬ್ಬಿಣವಿರಬಹುದು, ಬಿಸಿಯೂ ಆಗಬಹುದು. ವರ್ಷಗಳಿಂದ ತೆಗೆಯದೆ ಕೊಂಡಿ ಕಚ್ಚಿಕೊಂಡಿರುತ್ತದೆ, ಹಿಂದಿನ ದಿನವೇ ಅಕ್ಕಸಾಲಿಗರ ಬಳಿ ಬಿಡಿಸಿಕೊಂಡು ಬನ್ನಿ. ತಾಯತ, ಕಟ್ಟುಹಲ್ಲು, ಹೆಂಗಸರಾದರೆ ಕಾಲುಂಗುರ, ಮಾಂಗಲ್ಯ ಎಲ್ಲವೂ ಹೊರಗೆ. ಮಾಂಗಲ್ಯ ತೆಗೆಯಲು ಮನಸ್ಸು ಒಪ್ಪದವರು ಅರಿಶಿನದ ಕೊಂಬು ಕಟ್ಟಿದ ದಾರ ಹಾಕಿಕೊಂಡು ಬರುತ್ತಾರೆ, ಅದಕ್ಕೆ ನಮ್ಮ ಅಡ್ಡಿಯಿಲ್ಲ.

ಭಯದ ವಿಷಯ. ಕತ್ತಿನ ಚಿತ್ರಕ್ಕೆ ತಲೆ ಮೊದಲು ಒಳಗೆ ಹೋಗಬೇಕು, ಮುಖದ ಮೇಲೆ ಪಂಜರದಂಥ ಒಂದು ಚೌಕಟ್ಟು ಬರುತ್ತದೆ. ಅದನ್ನು ಮೊದಲೇ ಹೇಳಿಡಿ. ಒಳಗೆ ಹೋಗುವ ಮುಂಚೆಯೇ ಕಣ್ಣು ಮುಚ್ಚಿ, ಹೊರಗೆ ಬರುವ ತನಕ ತೆರೆಯದಿದ್ದರೆ ಬಹಳ ಜನಕ್ಕೆ ಸಲೀಸು. ಕೈಗೆ ರಬ್ಬರ್ ಬುಗ್ಗೆ ಕೊಡುತ್ತೇವೆ, ಹಿಂಡಿದರೆ ನಮಗೆ ಗಂಟೆ ಕೇಳುತ್ತದೆ. ಸದ್ದು ಜೋರು, ಕಿವಿಗೆ ಹತ್ತಿ ಅಥವಾ ಹೆಡ್‌ಫೋನ್ ಸಿಗುತ್ತದೆ. ಒಂದು ಭಾಗಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ, ಇಡೀ ಬೆನ್ನಿಗೆ ಇನ್ನೂ ಹೆಚ್ಚು. ಸದ್ದು ಬರುವಾಗ ಉಗುಳು ನುಂಗಬಾರದು, ಕೆಮ್ಮಬಾರದು. ಕತ್ತು ಅಲುಗಿದರೆ ಚಿತ್ರ ಕಲಸಿಹೋಗುತ್ತದೆ. ಸದ್ದು ನಿಂತಾಗ ನುಂಗಲಿ. ಅಪ್ಪನಿಗೆ ತೆಲುಗು ಹೆಚ್ಚು ರೂಢಿಯಾಗಿದ್ದರೆ ತೆಲುಗಿನಲ್ಲೇ ಹೇಳಲು ಕೇಳಿ, ಈ ಜಿಲ್ಲೆಯಲ್ಲಿ ಯಾರಿಗೆ ಬರುವುದಿಲ್ಲ!

ಹುರಿ ಒತ್ತಿದೆಯೇ ಎಂಬ ಪ್ರಶ್ನೆಗೆ 1.5 ಟೆಸ್ಲಾ ಧಾರಾಳವಾಗಿ ಸಾಕು. 3 ಟೆಸ್ಲಾ ಇದೆ ಎಂಬ ಒಂದೇ ಕಾರಣಕ್ಕೆ ಬೆಂಗಳೂರಿಗೆ ಅಲೆಯಬೇಡಿ.

ಮಾಲೂರು

ಟೆಕ್ನಿಷಿಯನ್ ಅಣ್ಣ ಹೇಳಿದ್ದು ಸರಿ, ಆದರೂ ನಾನು ಬೆಂಗಳೂರು ಎಂದೇ ಹೇಳುವವನು. ಯಂತ್ರಕ್ಕಾಗಿ ಅಲ್ಲ, ಚಿತ್ರ ಓದುವವರಿಗಾಗಿ. ನರರೋಗದ್ದನ್ನೇ ದಿನವಿಡೀ ನೋಡುವವರ ಕಣ್ಣು ಬೇರೆ. ಕೋಲಾರದಲ್ಲಿ ತೆಗೆಸಿ, ಸಿ.ಡಿ. ಹಿಡಿದು ನಿಮ್ಹಾನ್ಸ್‌ಗೆ ಹೋದರೂ ಆಯಿತು. ಬಿ.ಪಿ.ಎಲ್. ಕಾರ್ಡ್ ಇದ್ದರೆ ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಏನು ಸಿಗುತ್ತದೆ ಎಂದು ಅಲ್ಲೇ ವಿಚಾರಿಸಿ. ವರ್ಷಕ್ಕೆ ಕುಟುಂಬಕ್ಕೆ ಐದು ಲಕ್ಷದವರೆಗಿನ ಯೋಜನೆ ಅದು. ಶಿಫಾರಸು ಪತ್ರವಿಲ್ಲದೆ ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಿ ಆಮೇಲೆ ಪೇಚಾಡುವವರನ್ನು ಬೇಕಾದಷ್ಟು ನೋಡಿದ್ದೇನೆ.

ಇನ್ನೊಂದು. ಮೂತ್ರ ಕಟ್ಟಿಕೊಂಡರೆ, ಹಿಡಿತ ತಪ್ಪಿದರೆ, ಅಥವಾ ಒಂದೆರಡು ದಿನದಲ್ಲೇ ಕಾಲಿನ ಶಕ್ತಿ ಕುಸಿದರೆ ಸ್ಕ್ಯಾನಿನ ಸರದಿಗೆ ಕಾಯಬೇಡಿ. ಅದೇ ದಿನ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ಬಾಗೇಪಲ್ಲಿ

ಯಾರೂ ನೀರಿನ ಬಗ್ಗೆ ಕೇಳಲೇ ಇಲ್ಲವಲ್ಲ! ನೀವು ಕುಡಿಯುವುದು ಕೊಳವೆಬಾವಿಯ ನೀರೇ? ಎಷ್ಟು ವರ್ಷದಿಂದ? ಮನೆಯ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟಿ ಇದೆಯೇ?

ಕೇಳುವುದಕ್ಕೆ ಕಾರಣವಿದೆ. ನಮ್ಮ ಮಾವನವರಿಗೆ ಇದೇ ತರಹ ಶುರುವಾಯಿತು. ಕತ್ತು ಎಷ್ಟು ಬಿಗಿದಿತ್ತೆಂದರೆ ಹಿಂದಿನಿಂದ ಕರೆದರೆ ಎತ್ತಿನ ಗಾಡಿ ತಿರುಗಿದಂತೆ ಇಡೀ ಮೈಯೇ ತಿರುಗುತ್ತಿತ್ತು. ಎಂ.ಆರ್.ಐ.ಯಲ್ಲಿ ಹುರಿ ಒತ್ತಿರುವುದು ಕಂಡಿತು, ಆದರೆ ಒತ್ತಿದ್ದು ಡಿಸ್ಕ್ ಅಲ್ಲ. ಬೆನ್ನುಮೂಳೆಗಳನ್ನು ಹಿಡಿದಿಡುವ ಕಟ್ಟುಗಳೇ ಗಟ್ಟಿಯಾಗಿ ಮೂಳೆಯಂತಾಗಿದ್ದವು. ಅದು ಎಂ.ಆರ್.ಐ.ಯಲ್ಲಿ ಬರೀ ಕಪ್ಪಗೆ ಕಾಣುತ್ತದಂತೆ, ಮೂಳೆಯ ವಿವರ ಬೇಕೆಂದರೆ ಸಿ.ಟಿ. ಸ್ಕ್ಯಾನ್ ಬೇಕು ಎಂದು ಅದನ್ನೂ ಮಾಡಿಸಿದರು. ಹುರಿಯ ಸ್ಥಿತಿಗೆ ಒಂದು, ಮೂಳೆಯ ಸ್ಥಿತಿಗೆ ಇನ್ನೊಂದು. ಎರಡನೆಯದನ್ನು ಬರೆದಾಗ ನಾವು ಜಗಳಕ್ಕೆ ಹೋಗಿದ್ದೆವು, ಈಗ ನಾಚಿಕೆಯಾಗುತ್ತದೆ. ಕಡೆಗೆ ಫ್ಲೋರೋಸಿಸ್ ಎಂದರು, ಅಂದರೆ ನೀರಿನ ಫ್ಲೋರೈಡ್ ಹೆಚ್ಚಾಗಿ ಮೈಸೇರಿ ಬರುವ ಮೂಳೆಯ ಕಾಯಿಲೆ.

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರ ತನಕ ಎಂಬುದು ನಮ್ಮ ದೇಶದ ಮಾನದಂಡ. ಕೋಲಾರ, ಚಿಕ್ಕಬಳ್ಳಾಪುರ, ಅತ್ತ ತುಮಕೂರಿನ ಪಾವಗಡ, ಈ ಸೀಮೆಯ ಎಷ್ಟೋ ಕೊಳವೆಬಾವಿಗಳು ಅದನ್ನು ಮೀರಿವೆ. ಕುದಿಸಿದರೆ ಹೋಗುತ್ತದೆ ಎಂದು ನಮ್ಮತ್ತೆ ಇಪ್ಪತ್ತು ವರ್ಷ ಕುದಿಸಿದರು. ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ವೈದ್ಯರಿಗೆ ನಿಮ್ಮ ಊರಿನ ನೀರಿನ ವಿಷಯ ನೀವಾಗಿಯೇ ಹೇಳಿ. ಬೆಂಗಳೂರಿನಲ್ಲಿ ಓದಿ ಬೆಳೆದವರಿಗೆ ಅದು ಥಟ್ಟನೆ ಹೊಳೆಯದಿರಬಹುದು.

ಚಿಂತಾಮಣಿಯ ಒಬ್ಬ ತಾಯಿ

ನಮ್ಮದು ಬೇರೆ ಕಾಯಿಲೆ, ಆದರೆ ಕಾಗದಪತ್ರದ ಪಾಠ ಒಂದೇ. ಮಗಳಿಗೆ ಹತ್ತೊಂಬತ್ತು ವರ್ಷವಾದಾಗ ಒಂದು ಕಣ್ಣು ಮಂಜಾಯಿತು, ಎಂಟು ತಿಂಗಳ ಮೇಲೆ ಎರಡೂ ಕಾಲು ಸೋತವು. ಮಿದುಳು, ಬೆನ್ನುಹುರಿ ಎರಡರ ಎಂ.ಆರ್.ಐ. ಆಯಿತು. ಅವಳಿಗೆ ಗ್ಯಾಡೊಲಿನಿಯಂ ಎಂಬ ಔಷಧವನ್ನು ರಕ್ತನಾಳಕ್ಕೆ ಕೊಟ್ಟು ಇನ್ನೊಮ್ಮೆ ಚಿತ್ರ ತೆಗೆದರು. ಹೊಸ ಉರಿಯೂತ, ಸೋಂಕು, ಗಡ್ಡೆ ಇವೆಲ್ಲ ಅದರಿಂದ ಎದ್ದು ಕಾಣುತ್ತವೆಯಂತೆ. ಅದಕ್ಕೂ ಮೊದಲು ಮೂತ್ರಪಿಂಡ ಸರಿಯಿದೆಯೇ ಎಂದು ರಕ್ತಪರೀಕ್ಷೆ ಮಾಡಿದರು. ನಿಮ್ಮ ತಂದೆಗೂ ಬರೆದರೆ ಗಾಬರಿಯಾಗಬೇಡಿ.

ಹುರಿಯಲ್ಲಿ ಮೂರು ಮೂಳೆಗಿಂತ ಉದ್ದಕ್ಕೆ ಮಚ್ಚೆ ಇತ್ತು. ಮಿದುಳು, ಬೆನ್ನುಹುರಿಗೆ ಉರಿಯೂತ ತರುವ ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಸಾಮಾನ್ಯವಾಗಿ ಮಚ್ಚೆ ಚಿಕ್ಕದು, ಇಷ್ಟು ಉದ್ದವಿದ್ದರೆ ಬೇರೆಯದನ್ನೂ ನೋಡಬೇಕು ಎಂದು ಅಕ್ವಾಪೊರಿನ್-4 ಎಂಬ ರಕ್ತಪರೀಕ್ಷೆ ಬರೆದರು. ಅದು ಪಾಸಿಟಿವ್ ಬಂತು, ಕಣ್ಣಿನ ನರಕ್ಕೂ ಬೆನ್ನುಹುರಿಗೂ ಉರಿಯೂತ ತರುವ ಈ ಕಾಯಿಲೆಗೆ ನ್ಯೂರೋಮೈಲೈಟಿಸ್ ಆಪ್ಟಿಕಾ ಎಂದು ಹೆಸರಿಟ್ಟರು. ಎರಡೂ ನೋಡಲು ಅಣ್ಣತಮ್ಮಂದಿರಂತಿದ್ದರೂ ಒಂದರ ಕೆಲವು ಔಷಧ ಇನ್ನೊಂದನ್ನು ಕೆರಳಿಸುತ್ತದೆ. ಚಿತ್ರ ದಾರಿ ತೋರಿಸಿತು, ರಕ್ತಪರೀಕ್ಷೆ ಊರು ಮುಟ್ಟಿಸಿತು.

ಈಗ ಪಾಠ. ವರದಿ ಎರಡು ಹಾಳೆ, ಚಿತ್ರ ನೂರಾರು. ವರದಿ ಮಾತ್ರ ಹಿಡಿದು ಬರಬೇಡಿ, ಸಿ.ಡಿ. ಕೇಳಿ ಪಡೆಯಿರಿ, ಮನೆಗೆ ಬಂದ ದಿನವೇ ಒಂದು ಪ್ರತಿ ಮಾಡಿಡಿ. ನಾನು ಮೊದಲನೆಯ ಸಲದ ಫಿಲ್ಮುಗಳನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟಿದ್ದೆ. ಬೇಸಿಗೆಯ ಕಾವಿಗೆ ಒಂದಕ್ಕೊಂದು ಅಂಟಿಕೊಂಡು, ಬಿಡಿಸಲು ಹೋದಾಗ ಚಿತ್ರವೇ ಕಿತ್ತುಬಂತು. ಮುಂದಿನ ಸ್ಕ್ಯಾನಿನಲ್ಲಿ ಮಚ್ಚೆ ಕುಗ್ಗಿದೆಯೇ ಹಿಗ್ಗಿದೆಯೇ ಎಂದು ಹೋಲಿಸಲು ಹಳೆಯದೇ ಇರಲಿಲ್ಲ.

ಕೇಳಿದವರು: ಶ್ರೀನಿವಾಸಪುರ ತಾಲ್ಲೂಕಿನಿಂದ, ಹನ್ನೊಂದು ದಿನದ ನಂತರ

ಉತ್ತರಿಸಿದ ಎಲ್ಲರಿಗೂ ವಂದನೆ. ಕೋಲಾರದಲ್ಲೇ ಆಯಿತು. ಮೊದಲು ಕಣ್ಣಿನ ಎಕ್ಸ್‌ರೇ ತೆಗೆದರು, ಚೂರೇನೂ ಇರಲಿಲ್ಲ. ಉಡುದಾರದ ಕೊಂಡಿ ನಿಜವಾಗಿಯೂ ಕಚ್ಚಿಕೊಂಡಿತ್ತು. ಅಕ್ಕಸಾಲಿಗರು ಎರಡು ನಿಮಿಷದಲ್ಲಿ ಬಿಡಿಸಿದರು. ಮದುವೆಯಾದಾಗಿನಿಂದ ಸೊಂಟದಲ್ಲಿದ್ದದ್ದು, ಆ ಜಾಗ ಬೆಳ್ಳಗೆ ಗೆರೆ ಬಿದ್ದಿತ್ತು. ಅಪ್ಪ ಅದನ್ನು ಕರವಸ್ತ್ರದಲ್ಲಿ ಕಟ್ಟಿ ನನ್ನ ಜೇಬಿಗಿಟ್ಟು, ಬಸ್ಸಿನಲ್ಲಿ ಮೂರು ಸಲ ಇದೆಯೇ ಎಂದು ಕೇಳಿದರು.

ಕತ್ತಿನಲ್ಲಿ ಎರಡು ಕಡೆ ಹುರಿ ಒತ್ತಿದೆ. ಹಿಂದಿನ ಕಟ್ಟು ದಪ್ಪವಾಗಿದೆ ಎಂದಿದ್ದಾರೆ, ಸಿ.ಟಿ. ಬರೆದಿದ್ದಾರೆ. ಬಾಗೇಪಲ್ಲಿಯವರೇ, ನಿಮ್ಮ ಮಾತು ನೆನಪಾಗಿ ಜಗಳವಾಡಲಿಲ್ಲ. ನೀರಿನ ಮಾದರಿಯನ್ನೂ ಪರೀಕ್ಷೆಗೆ ಕೊಟ್ಟಿದ್ದೇನೆ. ಸೋಮವಾರ ಬೆಂಗಳೂರಿಗೆ, ಎರಡು ಸಿ.ಡಿ. ಹಿಡಿದು. ಚಿಕ್ಕಪ್ಪನೂ ಬರುತ್ತಿದ್ದಾರೆ, ಎಣ್ಣೆಯ ಮಾತೆತ್ತಿಲ್ಲ.

ಭಯದ ಬಗ್ಗೆ ಕೇಳಿದ್ದೆನಲ್ಲ. ಸುಮಾರು ಮುಕ್ಕಾಲು ಗಂಟೆ ಕಣ್ಣು ಮುಚ್ಚಿ ಮಲಗಿದ್ದರು. ಹೊರಗೆ ಎಳೆದಾಗ ಎದ್ದು ಕುಳಿತು, ಕಿವಿಯ ಹತ್ತಿ ತೆಗೆದು ಟೆಕ್ನಿಷಿಯನ್‌ರನ್ನು ಕೇಳಿದ ಮೊದಲ ಮಾತು: ‘ಬೋರ್‌ವೆಲ್ ಲಾರಿಯ ಹಾಗೆ ಇಷ್ಟು ಹೊತ್ತು ಕೊರೆದಿರಲ್ಲಪ್ಪ, ನೀರು ಬಿತ್ತೇ?’