ಅಪ್‌ಡೇಟ್: ಸಿಲಿಕಾನ್ ಬಿರುಕು ಕೊನೆಗೂ ಸೀಳಿತು

ಹೋದ ವಾರ ಕೇಳಿದ್ದೆನಲ್ಲ, ಕಂಪ್ಯೂಟರ್‌ನಲ್ಲಿ ಪರಮಾಣುಗಳಿಂದ ಕಟ್ಟಿದ ನನ್ನ ಸಿಲಿಕಾನ್ ಮಾದರಿಯಲ್ಲಿ ಬಿರುಕು ಗಾಜಿನ ಹಾಗೆ ಪಟ್ ಅಂತ ಸೀಳದೆ, ತುದಿ ಮೊಂಡಾಗಿ, ಸುತ್ತಲಿನ ಪರಮಾಣುಗಳೆಲ್ಲ ಕಲಸಿದ ಹಿಟ್ಟಿನ ಹಾಗೆ ಆಗುತ್ತಿವೆ ಅಂತ. ಸರಿಹೋಯಿತು!

ಮಾದರಿ ದೊಡ್ಡದು ಮಾಡಿ ಅಂದಿರಿ, ಮಾಡಿದೆ, ಎರಡು ದಿನ ಕಂಪ್ಯೂಟರ್ ಓಡಿದ್ದೇ ಬಂತು. ಟೈಮ್‌ಸ್ಟೆಪ್ (ಲೆಕ್ಕದ ಒಂದೊಂದು ಹೆಜ್ಜೆಯ ಸಮಯ) ಇಳಿಸಿದ್ದೂ ದಂಡ. ಪೊಟೆನ್ಷಿಯಲ್ಲೇ, ಅಂದರೆ ಪರಮಾಣುಗಳ ನಡುವಿನ ಬಲ ಹೇಳುವ ಸೂತ್ರವೇ, ತಪ್ಪು ಅಂದವರ ಮಾತು ನಿಜವಾಯಿತು. ನಾನು ಬಳಸಿದ್ದು 1985ರ ಸ್ಟಿಲಿಂಜರ್-ವೆಬರ್ ಸೂತ್ರ. ಬಂಧ ಹರಿಯುವ ಜಾಗದಲ್ಲೇ ಅದು ಎಡವುತ್ತದೆ. ಮೂರು ಪರಮಾಣುಗಳ ಕೋನ ನೋಡಿಕೊಳ್ಳುವ ಲ್ಯಾಂಬ್ಡಾ ಅನ್ನೋ ಸಂಖ್ಯೆ ಅದರಲ್ಲಿ 21 ಇತ್ತು, 42 ಮಾಡಿದೆ ಅಷ್ಟೇ, 111 ಸಮತಲದಲ್ಲಿ (ಸಿಲಿಕಾನ್ ಹರಳು ಸುಲಭವಾಗಿ ಸೀಳುವ ಸಮತಲ) ನೀಟಾಗಿ ಸೀಳಿಕೊಂಡು ಹೋಯಿತು. ಇದು ಸುಮ್ನೆ ತೇಪೆ ಅನ್ನೋದು ನೆನಪಿರಲಿ. ವಸ್ತುವಿನ ಬಿಗಿತವೂ ಬದಲಾಗುತ್ತದೆ, ಹಾಗಾಗಿ ಹೊರಗಿನ ಫೈನೈಟ್ ಎಲಿಮೆಂಟ್ ಭಾಗಕ್ಕೂ (ಅಲ್ಲಿ ಒಂದೊಂದು ಪರಮಾಣು ಅಲ್ಲ, ವಸ್ತುವನ್ನು ತುಂಡುತುಂಡಾಗಿ ಲೆಕ್ಕ ಹಾಕೋದು) ಬಿಗಿತ ಹೇಳುವ ಎಲಾಸ್ಟಿಕ್ ಸ್ಥಿರಾಂಕಗಳನ್ನು ಹೊಸದಾಗಿ ಲೆಕ್ಕ ಹಾಕಿ ಕೊಡಬೇಕಾಯಿತು. ಮೊದಲ ಸಲ ಮರೆತಿದ್ದೆ, ಎರಡೂ ಭಾಗ ಸೇರುವ ಗಡಿಗೆ ಬಡಿದ ಅಲೆ ವಾಪಸ್ ಬಂದು ಬಿರುಕಿನ ತುದಿಯನ್ನೇ ಅಲ್ಲಾಡಿಸಿತು.

ಅಚ್ಚರಿ ಆಗಿದ್ದು ಇನ್ನೊಂದು. 1921ರ ಗ್ರಿಫಿತ್ ಲೆಕ್ಕದ (ಬಿರುಕು ಬೆಳೆಯಲು ಬೇಕಾದ ಶಕ್ತಿಯ ಲೆಕ್ಕ) ಪ್ರಕಾರ ಬಿರುಕು ಹೊರಡಬೇಕಾದ ಎಳೆತ ಕೊಟ್ಟರೂ ಅದು ಜಪ್ಪಯ್ಯ ಅಂದರೂ ಕದಲಲಿಲ್ಲ. ಬಗ್ ಅಲ್ವಂತೆ! ಬಂಧಗಳು ಒಂದೊಂದಾಗಿ ಹರಿಯಬೇಕು, ಪ್ರತಿಯೊಂದಕ್ಕೂ ಶಕ್ತಿಯ ಒಂದು ಸಣ್ಣ ದಿಬ್ಬ ದಾಟಬೇಕು, ಅದಕ್ಕೆ ಲ್ಯಾಟಿಸ್ ಟ್ರ್ಯಾಪಿಂಗ್ ಅನ್ನುತ್ತಾರೆ. ಸ್ವಲ್ಪ ಜಾಸ್ತಿ ಎಳೆದ ಮೇಲೆ ಓಡಿತು.