ಒಬ್ಬೊಬ್ಬರ ಪೆನ್‌ಡ್ರೈವ್‌ನಲ್ಲಿ ಒಂದೊಂದು ಮ್ಯಾಕ್ರೋ: ಎಲ್ಲರಿಗೂ ಒಂದೇ ಮಾಡುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ಬೆಳಗಾವಿಯ ಉದ್ಯಮಬಾಗದ ಒಂದು ಸಣ್ಣ ಘಟಕದಲ್ಲಿ ಪ್ರೋಗ್ರಾಮರ್ ಆಗಿದ್ದೇನೆ. ಹೈಡ್ರಾಲಿಕ್ ಜಾಬ್‌ಗಳೇ ಜಾಸ್ತಿ. ಮೂರು ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮಷಿನ್) ಇವೆ, ಮೂರಕ್ಕೂ ಫ್ಯಾನಕ್ ಕಂಪನಿಯ ಕಂಟ್ರೋಲ್. ಪಿಸಿಡಿ ಹೋಲ್ (ಒಂದು ವೃತ್ತದ ಮೇಲೆ ಸುತ್ತಲೂ ಬರುವ ಹೋಲ್; ಪಿಸಿಡಿ ಅಂದರೆ ಆ ವೃತ್ತದ ಡಯಾ), ಪಾಕೆಟ್, ಥ್ರೆಡ್ ಮಿಲ್ಲಿಂಗ್‌ಗೆ ಮ್ಯಾಕ್ರೋ, ಅಂದರೆ ಅಳತೆ ಕೊಟ್ಟು ಮತ್ತೆ ಮತ್ತೆ ಕರೆಯುವ ಚಿಕ್ಕ ಪ್ರೋಗ್ರಾಂ, ಬರೆದುಕೊಂಡಿದ್ದೇವೆ. ಆದರೆ ಬರೆಯುವ ನಾವು ಮೂವರು, ಒಬ್ಬೊಬ್ಬರ ಹತ್ತಿರ ಒಂದೊಂದು ತರಹ. ಹೋದ ತಿಂಗಳು ರಾತ್ರಿ ಪಾಳಿಯಲ್ಲಿ ಫ್ಲ್ಯಾಂಜ್‌ಗೆ ಹೋಲ್ ಹಾಕುವಾಗ ಆರ್ 60 ಅಂತ ಕೊಟ್ಟೆ. ನನ್ನ ಮ್ಯಾಕ್ರೋದಲ್ಲಿ ಆರ್ ಅಂದರೆ ರೇಡಿಯಸ್. ಆ ಮಷಿನ್‌ನಲ್ಲಿ ಅದೇ ನಂಬರಿನಲ್ಲಿದ್ದದ್ದು ಇನ್ನೊಬ್ಬರ ಮ್ಯಾಕ್ರೋ, ಅದು ಪಿಸಿಡಿ ಅಂತ ತಗೊಂಡಿತು. 120ರ ಪಿಸಿಡಿ ಬದಲು 60ರ ಮೇಲೆ ಹೋಲ್ ಬಿತ್ತು. ಗೊತ್ತಾಗುವಷ್ಟರಲ್ಲಿ ಎರಡು ಕಾಸ್ಟಿಂಗ್ ರಿಜೆಕ್ಟ್. ಎಲ್ಲರಿಗೂ ಒಂದೇ ಮ್ಯಾಕ್ರೋ ಲೈಬ್ರರಿ ಮಾಡಬೇಕು ಅಂತ ಮಾಲೀಕರು ನನಗೇ ಒಪ್ಪಿಸಿದ್ದಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಮಸ್ಕಾರ. ಇಲ್ಲಿ ನಿಮ್ಮ ಕೈತಪ್ಪು ಏನೂ ಇಲ್ಲ. ಒಂದೇ ನಂಬರು, ಒಂದೇ ಅಕ್ಷರ, ಅರ್ಥ ಮಾತ್ರ ಎರಡು. ಯಾರೇ ನಿಂತಿದ್ದರೂ ಒಂದು ದಿನ ಹೀಗೆ ಆಗುತ್ತಿತ್ತು.

ಮೊದಲು ಮೂರೂ ಮಷಿನ್‌ಗಳ ಎಲ್ಲ ಪ್ರೋಗ್ರಾಂ, ಪ್ಯಾರಾಮೀಟರ್ (ಕಂಟ್ರೋಲಿನ ಸೆಟ್ಟಿಂಗ್) ಬ್ಯಾಕಪ್ ತೆಗೆಯಿರಿ. ಅದಾಗುವ ತನಕ ಒಂದು ಸಾಲೂ ಅಳಿಸಬೇಡಿ. ಪ್ರೋಗ್ರಾಂ ನಂಬರುಗಳ 9000ದ ಸಾಲಿನಲ್ಲಿ ಮಷಿನ್ ಕಂಪನಿಯವರ ಸ್ವಂತ ಮ್ಯಾಕ್ರೋಗಳೂ ಇರುತ್ತವೆ. ಟೂಲ್ ಬದಲಾಯಿಸುವ ಮ್ಯಾಕ್ರೋ ಎಷ್ಟೋ ಮಷಿನ್‌ಗಳಲ್ಲಿ ಅಲ್ಲೇ ಕೂತಿರುತ್ತದೆ. ಜೊತೆಗೆ 9010ರಿಂದ 9029ರವರೆಗಿನ ನಂಬರುಗಳನ್ನು ಜಿ ಕೋಡ್, ಎಂ ಕೋಡ್‌ನಿಂದ (ಮಷಿನ್‌ಗೆ ಕೊಡುವ ಆಜ್ಞೆಗಳು) ಮ್ಯಾಕ್ರೋ ಕರೆಯಲು ಕಂಟ್ರೋಲ್ ಬಳಸುತ್ತದೆ. ಅದಕ್ಕೇ ನಿಮ್ಮ ಲೈಬ್ರರಿಯನ್ನು 8000ದ ಸಾಲಿನಲ್ಲಿ ಇಡಿ ಅನ್ನುತ್ತೇನೆ. 3202ನೇ ಪ್ಯಾರಾಮೀಟರಿನ 0 ಬಿಟ್ (ಆನ್-ಆಫ್ ಸ್ವಿಚ್ ತರಹದ್ದು) ಆನ್ ಮಾಡಿದರೆ 8000ದಿಂದ 8999ರವರೆಗೆ ಬೀಗ ಬೀಳುತ್ತದೆ, ಮಷಿನ್ ಮುಂದೆ ನಿಂತು ಯಾರೂ ತಿದ್ದಲು ಆಗಲ್ಲ. 9000ದ ಸಾಲಿಗೆ ಅದೇ ಪ್ಯಾರಾಮೀಟರಿನ 4ನೇ ಬಿಟ್.

ಈಗ ಅಕ್ಷರಗಳ ವಿಷಯ. ಒಂದು ಹಾಳೆ ತಗೊಂಡು ಮೂವರೂ ಕೂತು ತೀರ್ಮಾನ ಮಾಡಿ: ನಮ್ಮಲ್ಲಿ ಆರ್ ಅಂದರೆ ಯಾವಾಗಲೂ ರೇಡಿಯಸ್, ಡಿ ಅಂದರೆ ಡಯಾ. ಒಮ್ಮೆ ಕೊಟ್ಟ ಅರ್ಥ ಮುಂದೆ ಬದಲಾಗಬಾರದು. ಬದಲಿಸಲೇಬೇಕಾ? ಹೊಸ ನಂಬರಿನಲ್ಲಿ ಹೊಸ ಮ್ಯಾಕ್ರೋ ಬರೆಯಿರಿ. 8101 ಹಾಗೇ ಇರಲಿ, 8102 ಹುಟ್ಟಲಿ. ಎರಡು ವರ್ಷದ ಹಿಂದಿನ ಪ್ರೋಗ್ರಾಂ ತೆಗೆದು ಓಡಿಸಿದರೂ ಹೋಲ್ ಅಲ್ಲೇ ಬೀಳಬೇಕು. ಉಳಿದ ಯಾವ ನಿಯಮ ಬಿಟ್ಟರೂ ಇದನ್ನು ಬಿಡಬೇಡಿ.

ಎರಡನೆಯದು, ಅರೆಬರೆ ಮಾಹಿತಿ ಕೊಟ್ಟರೆ ಮ್ಯಾಕ್ರೋ ಕೆಲಸ ಮಾಡದೆ ನಿಲ್ಲಬೇಕು. ಜಿ65ರಲ್ಲಿ (ಮ್ಯಾಕ್ರೋ ಕರೆಯುವ ಕೋಡ್) ಆರ್ ಕೊಟ್ಟದ್ದು #18 ಅನ್ನುವ ವೇರಿಯಬಲ್‌ಗೆ ಹೋಗುತ್ತದೆ, ಡಿ #7ಕ್ಕೆ. ಕೊಡದೇ ಬಿಟ್ಟರೆ ಅದು ಸೊನ್ನೆ ಅಲ್ಲ, ಖಾಲಿ. ಕಂಟ್ರೋಲ್‌ಗೆ ಈ ಎರಡೂ ಬೇರೆ ಬೇರೆ. ಎಕ್ಸ್ ಮುಂದೆ ಖಾಲಿ ವೇರಿಯಬಲ್ ಒಂದೇ ಇದ್ದರೆ ಆ ಎಕ್ಸ್ ಅನ್ನೇ ಕಂಟ್ರೋಲ್ ಬಿಟ್ಟುಬಿಡುತ್ತದೆ, ಟೂಲ್ ನಿಂತಲ್ಲೇ ಡ್ರಿಲ್ ಮಾಡುತ್ತದೆ. ಅದೇ ಖಾಲಿಯನ್ನು ಕೂಡಿಸುವ ಲೆಕ್ಕದಲ್ಲಿ ಹಾಕಿದರೆ ಸೊನ್ನೆ ಅಂತ ಹಿಡಿಯುತ್ತದೆ. ಆದ್ದರಿಂದ ಮೊದಲ ಸಾಲುಗಳಲ್ಲೇ #18 ಖಾಲಿಯಾ ಅಂತ #0 (ಅದು ಯಾವಾಗಲೂ ಖಾಲಿ) ಜೊತೆ ಹೋಲಿಸಿ ನೋಡಿ. ಖಾಲಿ ಇದ್ದರೆ #3000=1 ಬರೆದು ಪಕ್ಕದಲ್ಲಿ ಚಿಕ್ಕ ಸಂದೇಶ ಹಾಕಿ. ಪರದೆ ಮೇಲೆ 3001 ಅಲಾರಂ ಬರುತ್ತದೆ, ಮಷಿನ್ ನಿಲ್ಲುತ್ತದೆ. ಸಂದೇಶ 26 ಅಕ್ಷರ ಮೀರದಿರಲಿ. ‘ತಪ್ಪು’ ಅಂತ ಸುಮ್ನೆ ಹಾಕಬೇಡಿ. ‘ಆರ್ ಕೊಟ್ಟಿಲ್ಲ’ ಅನ್ನುವ ಅರ್ಥ ಬರಲಿ. ರಾತ್ರಿ ಮೂರು ಗಂಟೆಗೆ ಅದನ್ನು ಓದುವ ಹುಡುಗನಿಗೆ ಫೋನ್ ಮಾಡಲು ಯಾರೂ ಸಿಗಲ್ಲ.

ಮ್ಯಾಕ್ರೋ ಒಳಗಿನ ಲೆಕ್ಕಕ್ಕೆ #1ರಿಂದ #33ರವರೆಗಿನ ಲೋಕಲ್ ವೇರಿಯಬಲ್ ಸಾಕು. ಜಿ65ರಿಂದ ಕರೆದಾಗಲೆಲ್ಲ ಅವು ಹೊಸದಾಗಿ ಸಿಗುತ್ತವೆ, ಎಂ98ರಿಂದ (ಸಾಮಾನ್ಯ ಸಬ್‌ಪ್ರೋಗ್ರಾಂ ಕರೆ) ಕರೆದರೆ ಸಿಗಲ್ಲ. #100ರ ಸಾಲು ಎಲ್ಲರದ್ದು, ಕರೆಂಟ್ ಹೋದರೆ ಅದೂ ಖಾಲಿ. ನಾನು ಹಿಂದೆ ಇದ್ದ ಒಂದು ವರ್ಕ್‌ಶಾಪಿನಲ್ಲಿ ಜಾಬ್ ಎಣಿಸಲು #100 ಇಟ್ಟಿದ್ದೆ. ನಾನೇ ಬರೆದ ಇನ್ನೊಂದು ಮ್ಯಾಕ್ರೋ ಅದನ್ನೇ ಹೋಲ್ ಎಣಿಸಲು ಬಳಸುತ್ತಿತ್ತು. ಎರಡು ದಿನ ಲೆಕ್ಕ ತಾಳೆಯಾಗದೆ ತಲೆ ಕೆಟ್ಟಿತ್ತು. #500ರ ಮೇಲಿನವು ಕರೆಂಟ್ ಹೋದರೂ ಉಳಿಯುತ್ತವೆ. ಯಾವುದು ಯಾವುದಕ್ಕೆ ಅಂತ ಒಂದು ಪಟ್ಟಿ ಮಾಡಿ ಮಷಿನ್ ಬಾಗಿಲ ಒಳಗಡೆ ಅಂಟಿಸಿ.

ಇನ್ನೊಂದು ಸಣ್ಣ ಶಿಸ್ತು. ಮ್ಯಾಕ್ರೋ ಒಳಗೆ ಜಿ91 (ನಿಂತಲ್ಲಿಂದ ದೂರ ಅಳೆಯುವುದು; ಜಿ90 ಅಂದರೆ ಸೊನ್ನೆ ಬಿಂದುವಿನಿಂದ) ಹಾಕಿ ಹಾಗೇ ಹೊರಗೆ ಬಂದರೆ ಮುಂದಿನ ಚಲನೆ ಎಲ್ಲಿಗೆ ಹೋಗುತ್ತದೋ ದೇವರೇ ಬಲ್ಲ. ಒಳಗೆ ಬಂದ ಕೂಡಲೇ #33=#4003 ಅಂತ ಬರೆದುಕೊಳ್ಳಿ, ಅದರಲ್ಲಿ 90 ಅಥವಾ 91 ಇರುತ್ತದೆ. ಹೊರಡುವಾಗ ಜಿ#33 ಅಂತ ವಾಪಸ್ ಹಾಕಿ.

ಪ್ರಶ್ನೆ: ತುಂಬಾ ಉಪಕಾರ ಸರ್. ಲೈಬ್ರರಿ ಮಾಡಿದ ಮೇಲೂ ಮತ್ತೆ ಒಬ್ಬೊಬ್ಬರು ಒಂದೊಂದು ತಿದ್ದಿದರೆ? ಬೀಗದ ಬಿಟ್ ಎಲ್ಲರಿಗೂ ಗೊತ್ತು.

ಉತ್ತರ: ಗೊತ್ತಿರಲಿ. ಬೇರೆಯವರು ತಿದ್ದಿದ್ದು ನಿಮಗೆ ತಿಳಿಯುವಂತೆ ಮಾಡಿಕೊಳ್ಳಿ. ಮೂಲ ಪ್ರತಿ ಆಫೀಸಿನ ಒಂದು ಕಂಪ್ಯೂಟರಿನಲ್ಲಿ ಮಾತ್ರ ಇರಲಿ. ಓದುವ ಅನುಮತಿ ಎಲ್ಲರಿಗೂ ಕೊಡಿ, ಬರೆಯುವುದು ನಿಮಗೆ ಮತ್ತು ಇನ್ನೊಬ್ಬರಿಗೆ. ಇವೆಲ್ಲ ಬರೀ ಟೆಕ್ಸ್ಟ್ ಫೈಲ್ ಅಲ್ವಾ, ಗಿಟ್ (ಫೈಲಿನ ಪ್ರತಿ ಬದಲಾವಣೆ ದಾಖಲಿಸುವ ಸಾಫ್ಟ್‌ವೇರ್) ಕಲಿಯುವ ಮನಸ್ಸಿದ್ದರೆ ಚೆನ್ನಾಗಿ ಹೊಂದುತ್ತದೆ. ಇಲ್ಲವಾದರೆ ದಿನಾಂಕ ಹಾಕಿದ ಫೋಲ್ಡರ್ ಸಾಕು. ತಿಂಗಳಿಗೊಮ್ಮೆ ಮೂರೂ ಮಷಿನ್‌ನಿಂದ ಮ್ಯಾಕ್ರೋ ಇಳಿಸಿಕೊಂಡು ವಿನ್‌ಮರ್ಜ್ ಸಾಫ್ಟ್‌ವೇರಿನಲ್ಲಿ ಮೂಲದ ಜೊತೆ ಹೋಲಿಸಿ. ವ್ಯತ್ಯಾಸ ಕಂಡರೆ ಬೈಯಬೇಡಿ, ಯಾಕೆ ತಿದ್ದಿದರು ಅಂತ ಕೇಳಿ. ಬಹಳ ಸಲ ಅವರು ಮಾಡಿದ್ದೇ ಸರಿ ಇರುತ್ತದೆ, ಅದು ಮೂಲಕ್ಕೆ ಬರಬೇಕು. ಬೈದರೆ ಮುಂದಿನ ಸಲ ಬಚ್ಚಿಡುತ್ತಾರೆ.

ಹೊಸದನ್ನು ಸೇರಿಸುವ ಮುಂಚೆ ಝಡ್ (ಮೇಲೆ-ಕೆಳಗಿನ ಅಕ್ಷ) ಅನ್ನು 100 ಮಿ.ಮೀ. ಮೇಲೆತ್ತಿ ಗಾಳಿಯಲ್ಲಿ ಓಡಿಸಿ. ಆಮೇಲೆ ರಿಜೆಕ್ಟ್ ಆದ ಕಾಸ್ಟಿಂಗ್ ಮೇಲೆ ಹಾಕಿ ಅಳತೆ ತೆಗೆಯಿರಿ. ಸಿಂಗಲ್ ಬ್ಲಾಕ್ (ಒಂದೊಂದೇ ಸಾಲು ಓಡಿಸುವ ಸ್ವಿಚ್) ಹಾಕಿದರೂ ಲೆಕ್ಕದ ಸಾಲುಗಳಲ್ಲಿ ಕಂಟ್ರೋಲ್ ನಿಲ್ಲಲ್ಲ. ಪರೀಕ್ಷೆಯ ಹೊತ್ತಿಗೆ 6000ನೇ ಪ್ಯಾರಾಮೀಟರಿನ 5ನೇ ಬಿಟ್ ಆನ್ ಮಾಡಿದರೆ ನಿಲ್ಲುತ್ತದೆ. ಮುಗಿದ ಮೇಲೆ ಮರೆಯದೆ ಆಫ್ ಮಾಡಿ.

ಇನ್ನೊಬ್ಬ ಸದಸ್ಯರು: ಸರ್, ನಮ್ಮದು ಬೆಳಗಾವಿ ಹತ್ತಿರದ ಮಚ್ಛೆ. ಒಂದು ಮಷಿನ್‌ಗೆ ಸೀಮೆನ್ಸ್ ಕಂಟ್ರೋಲ್. ಇದೇ ಮ್ಯಾಕ್ರೋ ಓಡುತ್ತದಾ?

ಉತ್ತರ: ಇಲ್ಲ, ಅದರ ಭಾಷೆಯೇ ಬೇರೆ. ಅದಕ್ಕೊಂದು ಬೇರೆ ಫೋಲ್ಡರ್ ಮಾಡಿ. ಪಿಸಿಡಿಗೆ ನೀವು ಬರೆಯುವುದೇ ಬೇಡ, ಹೋಲ್ಸ್2 ಅಂತ ಸೈಕಲ್ ಅದರಲ್ಲೇ ಇದೆ. ಅದು ಕೇಳುವುದೂ ರೇಡಿಯಸ್ಸೇ.

ಪ್ರಶ್ನೆ ಕೇಳಿದವರು: ಸರ್, ನಾಳೆ ಭಾನುವಾರ ಮಷಿನ್ ಬಂದ್. ಬ್ಯಾಕಪ್ ತೆಗೆದು, ಮೂವರ ಪೆನ್‌ಡ್ರೈವ್ ಇಸ್ಕೊಂಡು ಅಕ್ಷರಗಳ ಪಟ್ಟಿ ಮಾಡಿ ಇಲ್ಲೇ ಹಾಕುತ್ತೇನೆ, ನೋಡಿ ಹೇಳ್ರಿ.

ಉತ್ತರ: ಹಾಕಿ. ಪಿಸಿಡಿಯ ಅಷ್ಟೂ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಹಾಕಿ, ಅದರಿಂದಲೇ ಶುರು ಮಾಡೋಣ.